ಬ್ಯಾಕ್‌ಸ್ಪೇಸ್ ಬಸಣ್ಣನ ಖರೇ ಮಾತು

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ, ಬೀಜದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕೊಟ್ರಪ್ಪ ಮಾಸ್ತರರ ಟೈಪಿಂಗ್ ಕ್ಲಾಸು ಇತ್ತು. ಮಾಸ್ತರರು ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಬೋರ್ಡಿನ ಮೇಲೆ ಅವರ ಹೆಸರೇ ಉಳಿದಿತ್ತು. ಕ್ಲಾಸು ನಡೆಸುತ್ತಿದ್ದವಳು ಮಗಳು ಪುಷ್ಪಲತಾ. ವಯಸ್ಸು ಮೂವತ್ತಾರು, ಮದುವೆಯಾಗಿಲ್ಲ, ಮನೆಯಲ್ಲಿ ತಾಯಿ ಪ್ರೇಮವ್ವ. ಬೋರ್ಡು ಯಾಕೆ ಬದಲಿಸಿಲ್ಲ ಎಂದು ಯಾರಾದರೂ ಕೇಳಿದರೆ, "ಅಪ್ಪ ಇನ್ನೂ ರಜಾ ಹಾಕಿಲ್ರಿ" ಎನ್ನುತ್ತಿದ್ದಳು. ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಹನ್ನೆರಡು ಟೈಪ್‌ರೈಟರುಗಳು, ಎರಡು ಉದ್ದನೆಯ ಮೇಜು, ಗೋಡೆಯ ಮೇಲೊಂದು ಬೆರಳುಗಳ ನಕ್ಷೆ. ಬೆಳಿಗ್ಗೆ ಆರರಿಂದ ಅಲ್ಲಿ ಕಲ್ಲುಮಳೆ ಬಿದ್ದ ಹಾಗೆ ಸದ್ದು. ಕುಪ್ಪೇಲೂರಿನಿಂದ ಮೊದಲ ಬಸ್ಸಿಗೆ ಬರುವ ಹುಡುಗಿಯರು, ಎರಡು ಸಲ ಪರೀಕ್ಷೆ ಫೇಲಾಗಿ ಮೂರನೇ ಸಲ ಬಂದ ಪಂಚಾಯ್ತಿ ಗುಮಾಸ್ತರು, ಎಲ್ಲರೂ ಅವಳ ನಾಲಗೆಗೆ ಹೆದರಿ ಬೆರಳು ಚುರುಕು ಮಾಡಿಕೊಂಡವರೇ. ಆದರೆ 2008ರ ಹೊತ್ತಿಗೆ ಆ ಸದ್ದು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಎದುರಿನ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಒಂದು ತೆರೆದಿತ್ತು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಒಳಗೆ ಎ.ಸಿ. ದೇವರ ಗುಡಿಗಾದರೂ ಕಾಲಲ್ಲಿ ಧೂಳು ಮೆತ್ತಿಕೊಂಡು ಹೋಗುವ ಊರು, ಅಲ್ಲಿಗೆ ಕಾಲು ತೊಳೆದು ಹೋಗತೊಡಗಿತು.

ಇಂಥ ಪುಷ್ಪಲತಾಗೆ ಇನ್ನೊಂದು ಹೆಸರಿತ್ತು, ಆ ಹೆಸರು ಊರಿಗೆ ಗೊತ್ತಿರಲಿಲ್ಲ. ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನದ ಬ್ಯಾಚು ಮುಗಿದ ಮೇಲೆ, ಅಜೀಮನ ಸೈಬರ್ ಕೆಫೆಯಲ್ಲಿ ಅರ್ಧ ತಾಸು ಕುಳಿತು ಅವಳು ಬ್ಯಾಕ್‌ಸ್ಪೇಸ್ ಬಸಣ್ಣ ಆಗುತ್ತಿದ್ದಳು.

ಗಣಕಕಟ್ಟೆ ಎಂಬ ಜಾಲತಾಣ ಅದು. ತಂತ್ರಜ್ಞಾನದ ಸುದ್ದಿಗಳನ್ನು ಕನ್ನಡದಲ್ಲಿ ಹಾಕುತ್ತಿತ್ತು. ಹೊಸ ಫೋನು ಬಂತು, ಹಳೆಯ ಚಿಪ್ಪು ಹೋಯಿತು, ಜಪಾನಿನಲ್ಲಿ ರೋಬೋ ಮೆಟ್ಟಿಲು ಹತ್ತಿತು. ಸುದ್ದಿ ಆರು ಸಾಲು, ಅದರ ಕೆಳಗಿನ ಜಗಳ ಅರವತ್ತು ಸಾಲು. ಸುದ್ದಿಯನ್ನು ಯಾರೂ ಓದುತ್ತಿರಲಿಲ್ಲ. ಓದಿದರೆ ಜಗಳಕ್ಕೆ ತಡವಾಗುತ್ತದೆ. ಪೆಂಗ್ವಿನ್ ಪೈಲ್ವಾನ ಎಂಬುವನು ಯಾವ ಸುದ್ದಿಯ ಕೆಳಗಾದರೂ, ಅದು ಕ್ಯಾಲ್ಕುಲೇಟರಿನ ಸುದ್ದಿಯಾದರೂ ಸರಿ, ಲಿನಕ್ಸ್ ಹಾಕಿಕೊಳ್ಳಿ ಎಂದು ಬರೆಯುತ್ತಿದ್ದ. ಎಂಟು ಜೀಬಿ ಎಂಬುವನಿಗೆ ಜಗತ್ತಿನ ಎಲ್ಲ ಸಂಕಟಕ್ಕೂ ಮೆಮೊರಿ ಸಾಲದ್ದೇ ಕಾರಣ. ಮೌನಿ ಎಂದು ಹೆಸರಿಟ್ಟುಕೊಂಡವನು ಎಲ್ಲರಿಗಿಂತ ಉದ್ದ ಬರೆಯುತ್ತಿದ್ದ. ತಾವು ಹೊಗಳುವ ಯಂತ್ರವನ್ನು ಇವರಲ್ಲಿ ಎಷ್ಟು ಜನ ಕಣ್ಣಿಂದ ನೋಡಿದ್ದರೋ, ಆ ಲೆಕ್ಕ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಮಾತು ಇಂಥವರಿಗಾಗಿಯೇ ಮೊದಲೇ ತಯಾರಾಗಿತ್ತು.

ಬಸಣ್ಣ ಹುಟ್ಟಿದ್ದು ಸಿಟ್ಟಿನಿಂದ. 'ಟೈಪ್‌ರೈಟರ್ ಯುಗ ಮುಗಿಯಿತು' ಎಂಬ ಸುದ್ದಿ ಓದಿ ಪುಷ್ಪಲತಾ ಕುದ್ದುಹೋದಳು. ಹೆಸರು ಕೇಳಿದ ಜಾಗದಲ್ಲಿ ಬಾಯಿಗೆ ಬಂದದ್ದನ್ನು ಹಾಕಿ ಬರೆದಳು: 'ಟೈಪ್‌ರೈಟರಿಗೆ ಕರೆಂಟ್ ಬೇಡ. ವೈರಸ್ ಬರೋದಿಲ್ಲ. ನಿಲ್ಲಿಸಬೇಕಾದರೆ ಸ್ಟಾರ್ಟ್ ಅನ್ನೋದನ್ನ ಒತ್ತಬೇಕಿಲ್ಲ. ಯಾರ ಯುಗ ಮುಗೀತು ಅನ್ನೋದನ್ನ ಲೋಡ್ ಶೆಡ್ಡಿಂಗ್ ಹೊತ್ತಿನಾಗ ಮಾತಾಡೋಣ.' ಮರುದಿನ ನೋಡಿದರೆ ಕೆಳಗೆ ಮೂವತ್ತು ಜನ ನಕ್ಕಿದ್ದರು. ಬಸಣ್ಣ, ನೀನೇ ಗಂಡಸು ಎಂದು ಪೈಲ್ವಾನ ಬರೆದಿದ್ದ. ಊರಲ್ಲಿ ಅವಳ ಮಾತಿಗೆ ಜನ ಹೆದರುತ್ತಿದ್ದರು, ಇಲ್ಲಿ ನಗುತ್ತಿದ್ದರು. ನಗು ಬೇಗ ತಲೆಗೇರುತ್ತದೆ. ಅವಳಿಗೂ ಏರಿತು.

ಅಂದಿನಿಂದ ಬಸಣ್ಣನಿಲ್ಲದೆ ಜಗಳವಿಲ್ಲ. ಮೆಟ್ಟಿಲು ಹತ್ತಿದ ರೋಬೋ ಬಗ್ಗೆ, 'ನಮ್ಮ ಓಣ್ಯಾಗ ಎಪ್ಪತ್ತು ವರ್ಷದ ಮುದುಕಿ ಬಗಲಾಗ ಕೊಡ ಇಟ್ಕೊಂಡು ದಿನಾ ಹತ್ತತಾಳ, ಆಕಿ ಫೋಟೋ ಯಾವಾಗ ಹಾಕ್ತೀರಿ' ಎಂದು ಬರೆದಳು. ಎಲ್ಲರೂ ಒಂದು ತಾಸಿನಲ್ಲಿ ತಡಕಾಡಿ ಬರೆಯುವುದನ್ನು ಅವಳ ಬೆರಳು ಐದು ನಿಮಿಷದಲ್ಲಿ ಬರೆಯುತ್ತಿತ್ತು. ಯಾರಾದರೂ ಬಾಯಿ ತೆರೆಯುವ ಮೊದಲೇ ಬಸಣ್ಣನ ಉತ್ತರ ಬಿದ್ದಿರುತ್ತಿತ್ತು. ಪಕ್ಕದಲ್ಲಿ ಕುಳಿತ ಅಜೀಮನೊಬ್ಬನಿಗೆ ಮಾತ್ರ ಗುಟ್ಟು ಗೊತ್ತು. "ಅಕ್ಕಾರ, ನೀವು ಬರೂದು ಲೇಟಾದ್ರ ಬೆಂಗಳೂರಾಗ ಮಂದಿಗೆ ಉಣ್ಣಾಕ ಸೇರೂದಿಲ್ರಿ" ಎನ್ನುತ್ತಿದ್ದ ಅವನು. ಆ ಕಂಪ್ಯೂಟರ್ ಪೆಟ್ಟಿಗೆಯ ಒಳಗೆ ಏನಿರುತ್ತದೆ ಎಂದು ಅವಳು ಒಂದು ದಿನವೂ ತೆಗೆದು ನೋಡಿದವಳಲ್ಲ. ನೋಡುವ ಅಗತ್ಯ ಆ ಕಟ್ಟೆಯಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಆ ಕಟ್ಟೆಗೆ ಒಬ್ಬ ಬೇರೆ ತರಹದ ಮನುಷ್ಯ ಬರುತ್ತಿದ್ದ. ಸ್ವಂತ ಹೆಸರು, ಸ್ವಂತ ಊರು ಹಾಕಿ, ತಹಶೀಲ್ದಾರರಿಗೆ ಅರ್ಜಿ ಬರೆದ ಹಾಗೆ ಬರೆಯುತ್ತಿದ್ದ. 'ಮಾನ್ಯರೇ, ನಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದ್ದು, ದಿನಕ್ಕೊಂದು ಫೋಲ್ಡರ್ ಖಾಲಿ ಆಗುತ್ತಿದೆ. ದಯವಿಟ್ಟು ಪರಿಹಾರ ತಿಳಿಸಬೇಕಾಗಿ ವಿನಂತಿ. ಇಂತಿ ತಮ್ಮ ವಿಶ್ವಾಸಿ, ಗಿರಿಯಪ್ಪ, ಸಾ॥ ಗುತ್ತಲ, ಜಿ॥ ಹಾವೇರಿ.'

ತನ್ನದೇ ಜಿಲ್ಲೆಯವನೊಬ್ಬ ಬೆಂಗಳೂರಿನವರ ಮುಂದೆ ಹೀಗೆ ಕೈಕಟ್ಟಿ ನಿಂತದ್ದು ಪುಷ್ಪಲತಾಗೆ ನಾಚಿಕೆ ತಂದಿತು. ನಾಚಿಕೆ ಮುಚ್ಚಿಕೊಳ್ಳಲು ಜನ ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು, ಎಲ್ಲರಿಗಿಂತ ಮೊದಲು ತಾನೇ ನಕ್ಕಳು. 'ಗಿರಿಯಪ್ಪನವರೇ, ಇದು ದೃಷ್ಟಿ. ಬ್ಯಾಡಗಿ ಮೆಣಸಿನಕಾಯಿ ಏಳು, ತೊಟ್ಟು ಮುರಿದಿರಬಾರದು. ಕಲ್ಲುಪ್ಪು ಒಂದು ಹಿಡಿ. ಮಾನಿಟರಿಗೆ ಮೂರು ಸಲ ನಿವಾಳಿಸಿ ಒಲಿಗೆ ಹಾಕ್ರಿ. ಘಾಟು ಬಂದರೆ ಬರೇ ನೆಗಡಿ. ಘಾಟು ಬರಲಿಲ್ಲ ಅಂದರೆ ವೈರಸ್ ಖಾತ್ರಿ.' ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಎಷ್ಟೋ ಖಾರ ಅಷ್ಟಿಲ್ಲ, ಸುಟ್ಟರೂ ಗುಂಟೂರಿನ ಕಾಯಿಯಷ್ಟು ಕೆಮ್ಮು ಬರಿಸುವುದಿಲ್ಲ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಗೊತ್ತಿದ್ದವರು ನಗಲಿ ಎಂದೇ ಬರೆದದ್ದು.

ನಾಲ್ಕು ದಿನ ಬಿಟ್ಟು ಗುತ್ತಲದಿಂದ ಉತ್ತರ ಬಂತು: 'ಮಾನ್ಯರೇ, ತಾವು ತಿಳಿಸಿದ ಪ್ರಕಾರ ಮಾಡಲಾಯಿತು. ಘಾಟು ಬರಲಿಲ್ಲ. ಮುಂದಿನ ಕ್ರಮ ತಿಳಿಸಿ.' ಗಣಕಕಟ್ಟೆ ಬಿದ್ದು ಬಿದ್ದು ನಕ್ಕಿತು. ಯಾರ ಫೋನು ನೀರಿಗೆ ಬಿದ್ದರೂ, ಯಾರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಕೆಳಗೆ 'ಮುಂದಿನ ಕ್ರಮ ತಿಳಿಸಿ' ಎಂದು ಹತ್ತು ಜನ ಬರೆಯತೊಡಗಿದರು. ಬಸಣ್ಣನಿಗೆ ಕಿರೀಟವೊಂದು ತೊಡಿಸುವುದು ಬಾಕಿ ಇತ್ತು. ಪುಷ್ಪಲತಾ ಆ ವಾರ ಕ್ಲಾಸಿನಲ್ಲಿ ಯಾರನ್ನೂ ಬೈಯಲಿಲ್ಲ, ಅಷ್ಟು ಖುಷಿಯಾಗಿದ್ದಳು.

ಖುಷಿ ದೀಪಾವಳಿಯ ತನಕ ಬಾಳಿಕೆ ಬಂತು. ದೀಪಾವಳಿಯ ಮರುವಾರ ಕುಪ್ಪೇಲೂರಿನ ಐದು ಹುಡುಗಿಯರು ಒಟ್ಟಿಗೆ ಬಂದು, "ಟೀಚರ್, ನಾವು ಎದುರಿನ ಸೆಂಟರಿಗೆ ಹೊಂಟೇವ್ರಿ" ಎಂದರು. ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು, ಆದರೆ ಹೋದರು. ಹನ್ನೆರಡು ಯಂತ್ರದಲ್ಲಿ ನಾಲ್ಕರ ಮುಂದೆ ಮಾತ್ರ ಜನ ಉಳಿದರು. ಅದೇ ವಾರ ಹಾವೇರಿಯಿಂದ ವಿಜಯಮಹಾಂತೇಶ ಎಂಬ ಹಳೆಯ ಕಂಪ್ಯೂಟರುಗಳ ವ್ಯಾಪಾರಿ ಮಾಳಿಗೆ ಹತ್ತಿ ಬಂದ. ಯಾವುದೋ ದೊಡ್ಡ ಆಫೀಸಿನವರು ಬದಲಿಸಿದ ಹತ್ತು ಕಂಪ್ಯೂಟರು ಅವನ ಹತ್ತಿರ ಇದ್ದವು. ಹನ್ನೆರಡು ಟೈಪ್‌ರೈಟರನ್ನೂ ತಾನೇ ಒಯ್ಯುತ್ತೇನೆ, ಕೋರ್ಟುಗಳ ಮುಂದೆ ಅರ್ಜಿ ಬಡಿಯುವವರು ಇನ್ನೂ ಕೊಳ್ಳುತ್ತಾರೆ, ಮೇಲೆ ಒಂದಿಷ್ಟು ರೊಕ್ಕ ಕೊಟ್ಟರೆ ಹತ್ತೂ ಕಂಪ್ಯೂಟರು ನಿಮ್ಮವು ಎಂದ.

"ಬಿಡಿಸಿ ಕೊಡೂದಿಲ್ರಿ ಮೇಡಂ. ಹತ್ತಕ್ಕ ಹತ್ತೂ ಒಯ್ಬೇಕು. ಐತವಾರ ಸಂಜಿಮಟ ನಿಮ್ಮ ಸಲುವಾಗಿ ಇಡ್ತೇನಿ" ಎಂದು ಹೇಳಿ, ಚಹಾ ಕುಡಿದು ಇಳಿದು ಹೋದ.

ಪುಷ್ಪಲತಾ ಮೊದಲ ಬಾರಿಗೆ ಹೆದರಿದಳು. ಹತ್ತೂ ನಡೆದರೆ ಕ್ಲಾಸು ಉಳಿಯುತ್ತದೆ. ತಂದು ಇಟ್ಟ ಮೇಲೆ ನಿಂತುಬಿಟ್ಟರೆ ಕಂಪ್ಯೂಟರೂ ಇಲ್ಲ, ಟೈಪ್‌ರೈಟರೂ ಇಲ್ಲ, ಬರೀ ಬೆರಳುಗಳ ನಕ್ಷೆ ಉಳಿಯುತ್ತದೆ. ಬೇಡ ಎಂದರೆ ಯುಗಾದಿಯ ತನಕ ಹೇಗೋ ನಡೆಯಬಹುದು, ಆಮೇಲೆ ಬಾಗಿಲು ಹಾಕುವುದೇ. ಯಾರನ್ನು ಕೇಳುವುದು ಎಂದು ಯೋಚಿಸುತ್ತಿದ್ದಂತೆ ಅವಳಿಗೆ ನಗು ಬಂತು. ರಾಜ್ಯದ ಅರ್ಧ ತಜ್ಞರು ತನ್ನ ಗೆಳೆಯರಲ್ಲವೆ?

ಗುರುವಾರ ಅಜೀಮನ ಸೈಬರಿನಲ್ಲಿ ಕುಳಿತು ಬರೆದಳು. ಹಾವೇರಿಯಲ್ಲಿ ಹತ್ತು ಹಳೆಯ ಕಂಪ್ಯೂಟರು ಸಿಗುತ್ತಿವೆ, ತಗೊಳ್ಳಲೋ ಬೇಡವೋ, ಏನು ನೋಡಿ ತಗೊಳ್ಳಬೇಕು, ದಯವಿಟ್ಟು ಹೇಳಿ. ದಯವಿಟ್ಟು ಎನ್ನುವ ಶಬ್ದವನ್ನು ಬಸಣ್ಣ ಆ ತಾಣದಲ್ಲಿ ಬಳಸಿದ್ದು ಅದೇ ಮೊದಲು. ಹತ್ತು ನಿಮಿಷದಲ್ಲಿ ಉತ್ತರಗಳು ಬಂದವು.

'ಹತ್ತಕ್ಕೆ ಎಪ್ಪತ್ತು ಮೆಣಸಿನಕಾಯಿ, ಬ್ಯಾಡಗಿಗೆ ಲಾರಿ ಕಳಿಸು ಬಸಣ್ಣ' ಎಂದು ಎಂಟು ಜೀಬಿ ಬರೆದಿದ್ದ. ಮೌನಿ ಮೂವತ್ತು ಸಾಲಿನಲ್ಲಿ, ಕದರಮಂಡಲಗಿ ಆಂಜನೇಯನ ಮುಂದೆ ಹತ್ತನ್ನೂ ಸಾಲಾಗಿ ನಿಲ್ಲಿಸಿ ಯಾವುದಕ್ಕೆ ದೇವರು ಬಲಗಡೆಯ ಹೂ ಬೀಳಿಸುತ್ತಾನೋ ಅದನ್ನು ತಗೋ ಎಂದಿದ್ದ. ಪೈಲ್ವಾನ, ಲಿನಕ್ಸ್ ಹಾಕಿದರೆ ಕೆಟ್ಟ ಕಂಪ್ಯೂಟರೂ ನಡೆಯುತ್ತದೆ ಎಂದು ಬರೆದಿದ್ದ. ಅದು ಜೋಕಲ್ಲ, ಅವನ ನಂಬಿಕೆ.

'ನಾ ಖರೇನ ಕೇಳಾಕತ್ತೇನಿ' ಎಂದು ಬರೆದಳು. ನಗು ಹೆಚ್ಚಾಯಿತು. ಕೊನೆಗೆ ಎಲ್ಲ ಬಿಚ್ಚಿ ಬರೆದಳು: ನಾನು ಬಸಣ್ಣನಲ್ಲ, ಹೆಣ್ಣುಮಗಳು, ರಾಣೆಬೆನ್ನೂರಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತೇನೆ, ಕ್ಲಾಸು ಮುಚ್ಚುವ ಹಂತಕ್ಕೆ ಬಂದಿದೆ, ಭಾನುವಾರ ಸಂಜೆಯೊಳಗೆ ಹೇಳಬೇಕು. ಗಣಕಕಟ್ಟೆಯ ಚರಿತ್ರೆಯಲ್ಲಿ ಅಷ್ಟು ನಗು ಯಾವ ಬರಹಕ್ಕೂ ಬಿದ್ದಿರಲಿಲ್ಲ. ಬಸಣ್ಣನಿಗೆ ಸೀರೆ ಉಡಿಸಿದರು, ಕುಪ್ಪಸದ ಅಳತೆ ಕೇಳಿದರು, ಅಕ್ಕ ಎಂದು ಕರೆದು ಅರಿಶಿನ ಕುಂಕುಮಕ್ಕೆ ಆಹ್ವಾನಿಸಿದರು. ಪೈಲ್ವಾನನಂತೂ, 'ಇಷ್ಟು ಚೆನ್ನಾಗಿ ಅಳೋಕೆ ನಿನ್ನಿಂದ ಮಾತ್ರ ಸಾಧ್ಯ ದೊರೆ' ಎಂದು ಬರೆದ.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಇವರಿಗೆ ಹೀಗೆ ನಗಲು ಕಲಿಸಿದ ಮಾಸ್ತರು ಯಾರು ಎಂದು ಬೇರೆ ಹುಡುಕುವ ಕಷ್ಟವಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಶನಿವಾರ ಕೊನೆಯ ಸಲವೆಂದು ತೆರೆದು ನೋಡಿದಾಗ ಎಪ್ಪತ್ತು ನಗುವಿನ ಕೆಳಗೆ ಒಂದು ಪತ್ರ ಇತ್ತು. 'ಮಾನ್ಯರೇ, ತಮ್ಮ ಪತ್ರ ಓದಲಾಯಿತು. ಯಂತ್ರಗಳನ್ನು ತೆರೆದು ನೋಡದೆ ಏನೂ ಹೇಳಲು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾವೇರಿ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಗುರುತಿಗೆ ಬಿಳಿ ಅಂಗಿ. ಇಂತಿ, ಗಿರಿಯಪ್ಪ, ಗುತ್ತಲ.' ಅದರ ಕೆಳಗೆ ಆಗಲೇ ಹನ್ನೆರಡು ಜನ, ಗಿರಿಯಪ್ಪ ಮತ್ತೆ ಹಳ್ಳಕ್ಕೆ ಬಿದ್ದ ಎಂದು ಚಪ್ಪಾಳೆ ತಟ್ಟಿದ್ದರು.

"ಯಾರ ಬರ್ತಾರಂತ?" ಎಂದು ಮನೆಯಲ್ಲಿ ಪ್ರೇಮವ್ವ ಕೇಳಿದಳು.

"ಕಂಪ್ಯೂಟರಿಗೆ ಮೆಣಸಿನಕಾಯಿ ನಿವಾಳಿಸಿದ ಮನಷ್ಯಾ" ಎಂದಳು ಪುಷ್ಪಲತಾ.

"ಹಂಗಾರ ಹೋಗಬೇ. ಶಾಣ್ಯಾರನ್ನ ಕೇಳಿದ್ದಾತಲ್ಲ" ಎಂದಳು ಪ್ರೇಮವ್ವ. ತಾಯಿಯ ನಾಲಗೆಯೇ ಮಗಳಿಗೂ ಬಂದಿತ್ತು.

ಭಾನುವಾರದ ಹಾವೇರಿ ಬಸ್ ನಿಲ್ದಾಣದಲ್ಲಿ ಬಿಳಿ ಅಂಗಿಯವರು ಏನಿಲ್ಲವೆಂದರೂ ನೂರಿಪ್ಪತ್ತು ಮಂದಿ ಇದ್ದರು. ಈ ಸೀಮೆಯಲ್ಲಿ ಬಿಳಿ ಅಂಗಿಯನ್ನು ಗುರುತಿಗೆ ಹೇಳುವವನು ಒಬ್ಬನೇ ಇರಬಹುದು ಎಂದುಕೊಂಡು ಹುಡುಕಿದಳು. ಗುತ್ತಲದ ಬಸ್ಸು ನಿಲ್ಲುವ ಜಾಗದಲ್ಲಿ, ಐವತ್ತು ದಾಟಿದ ಸಣಕಲು ಮನುಷ್ಯನೊಬ್ಬ 'ಶ್ರೀ ಬಸಣ್ಣ ಇವರು' ಎಂದು ಬರೆದ ರಟ್ಟನ್ನು ಎದೆಗೆ ಹಿಡಿದು ನಿಂತಿದ್ದ.

"ಗಿರಿಯಪ್ಪನವರೇನ್ರಿ?"

"ಹೌದ್ರಿ."

"ನಾನ ರಿ ಬಸಣ್ಣ. ಪುಷ್ಪಲತಾ ಅಂತ ಹೆಸರು."

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ರಟ್ಟನ್ನು ಮಡಚಿ ಕೈಚೀಲಕ್ಕೆ ಹಾಕಿದ. "ಹೆಣ್ಮಗಳು ಅಂತ ಬರದಿದ್ರೆಲ್ರಿ, ಓದೀನಿ. ಖರೇ ಹೆಸರು ಬರದಿರಲಿಲ್ಲ, ಅದಕ್ಕ ರಟ್ಟಿನ ಮ್ಯಾಲ ಇದ್ದ ಹೆಸರ ಹಾಕೀನಿ. ಎಲ್ಲೈತ್ರಿ ಗೋಡೌನು?"

ಗೋಡೌನು ಹಳೆಯ ಅಕ್ಕಿ ಗಿರಣಿಯೊಂದರ ಹಿಂದೆ ಇತ್ತು. ವಿಜಯಮಹಾಂತೇಶ ಹತ್ತೂ ಕಂಪ್ಯೂಟರನ್ನು ಒರೆಸಿ, ಮದುವೆಗೆ ಕೂಡಿಸಿದ ಹಾಗೆ ಸಾಲಾಗಿ ಇಟ್ಟಿದ್ದ. ಒಂದೊಂದನ್ನೂ ಐದು ನಿಮಿಷ ಚಾಲು ಮಾಡಿ ತೋರಿಸಿ ಆರಿಸಿದ. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ಪುಷ್ಪಲತಾ ತನಗೆ ಗೊತ್ತಿದ್ದ ಎಲ್ಲ ಶಬ್ದಗಳನ್ನೂ ಬಳಸಿ ಪ್ರಶ್ನೆ ಕೇಳಿದಳು. ವ್ಯಾಪಾರಿ ಅವೇ ಶಬ್ದಗಳನ್ನು ತಿರುಗಿಸಿ ಮುರುಗಿಸಿ ಉತ್ತರ ಕೊಟ್ಟ. ಗಣಕಕಟ್ಟೆಯಲ್ಲಿ ಕುಳಿತ ಹಾಗೇ ಇತ್ತು, ಇಬ್ಬರಿಗೂ ಏನೂ ತಿಳಿಯಲಿಲ್ಲ.

ಗಿರಿಯಪ್ಪ ಒಂದು ಸ್ಟೂಲು ಎಳೆದುಕೊಂಡು ಕುಳಿತ. "ಹತ್ತೂ ಒಮ್ಮೆಲೇ ಚಾಲೂ ಮಾಡ್ರಿ. ಎರಡು ತಾಸು ಓಡ್ಲಿ" ಎಂದ.

"ಎರಡು ತಾಸು ಯಾಕ್ರಿ? ಚಾಲೂ ಆಗಿದ್ದು ನೋಡಿದ್ರೆಲ್ಲ" ಎಂದ ವ್ಯಾಪಾರಿ.

"ನಂದು ಗುತ್ತಲದಾಗ ಮೋಟರ್ ರಿವೈಂಡಿಂಗ್ ಅಂಗಡಿ ಐತ್ರಿ. ಇಪ್ಪತ್ತೆಂಟು ವರ್ಷಾತು. ಹೊಳಿ ದಂಡಿ ಪಂಪಸೆಟ್ಟೆಲ್ಲಾ ನನ್ನ ಕಡೇನ ಬರ್ತಾವು. ತಣ್ಣಗಿದ್ದಾಗ ಸುಟ್ಟ ಮೋಟರೂ ಓಡ್ತೈತ್ರಿ. ಬಿಸಿ ಆದ ಮ್ಯಾಲ ಓಡಿದ್ದ ಖರೇ."

"ಕರೆಂಟ್ ಹೋಗ್ತೈತ್ರಿ ಹನ್ನೆರಡಕ್ಕ" ಎಂದ ವ್ಯಾಪಾರಿ, ಆಸೆಯಿಂದ. ದಿನವೂ ಹನ್ನೆರಡಕ್ಕೆ ತಪ್ಪದೆ ಹೋಗುವ ಕರೆಂಟು ಅಂದು ಹೋಗಲಿಲ್ಲ. ಬೇಕಾದಾಗ ಇರದೆ ಬೇಡವಾದಾಗ ಇರುವುದು ಅದರ ಸ್ವಭಾವ.

ಇಪ್ಪತ್ತು ನಿಮಿಷಕ್ಕೆ ಮೊದಲನೆಯದು ಆರಿತು. ಅರ್ಧ ತಾಸಿಗೆ ಮತ್ತೆರಡು. ವಿಜಯಮಹಾಂತೇಶ ಎದ್ದು ಹೋಗಿ ವೈರು ಅಲ್ಲಾಡಿಸಿದ, ಸ್ವಿಚ್ಚು ತಟ್ಟಿದ, ಆಮೇಲೆ ಫೋನು ಬಂದ ಹಾಗೆ ಮಾಡಿ ಹೊರಗೆ ಹೋಗಿ ನಿಂತ. ಗಿರಿಯಪ್ಪ ಪ್ರತಿ ಪೆಟ್ಟಿಗೆಯ ಮೇಲೂ ಅಂಗೈ ತಿರುವಿ ಕೈಯ ಬೆನ್ನು ಇಡುತ್ತಿದ್ದ, ಮೂಸುತ್ತಿದ್ದ, ಮತ್ತೆ ಸ್ಟೂಲಿಗೆ ಮರಳುತ್ತಿದ್ದ. ಎರಡು ತಾಸಿನ ಕೊನೆಗೆ ನಾಲ್ಕು ಉಳಿದಿದ್ದವು. ಆಗ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸತ್ತ ಆರನ್ನೂ ಒಂದೊಂದಾಗಿ ಬಿಚ್ಚಿ ಅವಳನ್ನು ಹತ್ತಿರ ಕರೆದ. ಒಳಗೆ ಹಸಿರು ಹಲಗೆಯ ಮೇಲೆ ಸಣ್ಣ ಸಣ್ಣ ಡಬ್ಬಿಗಳು ನಿಂತಿದ್ದವು, ಅವುಗಳ ತಲೆ ಉಬ್ಬಿ, ಒಂದೆರಡು ಒಡೆದು ಕಂದು ರಸ ಕಾರಿತ್ತು.

"ಕೆಪಾಸಿಟರ್ ರಿ ಇವು. ನಮ್ಮ ಪಂಪಿನಾಗ ಮುಷ್ಟಿಯಷ್ಟು ದೊಡ್ಡು ಇರ್ತಾವು, ಇಲ್ಲಿ ಬಟಾಣಿಯಷ್ಟು. ತಲಿ ಉಬ್ಬಿತಂದ್ರ ಮುಗೀತ್ರಿ. ಆರರಾಗೂ ಉಬ್ಬ್ಯಾವು. ನಾಕು ಚಲೋ ಅದಾವು."

ಮೂರು ವರ್ಷ ಗಣಕಕಟ್ಟೆ ಓದಿದ ಪುಷ್ಪಲತಾಗೆ ಆ ಡಬ್ಬಿಯ ಬಗ್ಗೆ ಒಂದು ಸಾಲೂ ಓದಿದ ನೆನಪಿರಲಿಲ್ಲ. ಅವಳಿಗೆ ನಾಚಿಕೆ ಆಯಿತು, ಜೊತೆಗೆ ಕುತ್ತಿಗೆಗೆ ಸುತ್ತಿದ ಹಗ್ಗ ಬಿಚ್ಚಿದಷ್ಟು ಹಗುರವೂ ಆಯಿತು.

ಬಿಡಿಸಿ ಕೊಡುವುದಿಲ್ಲ ಎಂದಿದ್ದ ವಿಜಯಮಹಾಂತೇಶ, ಬಾಯಿ ತೆರೆದ ಪೆಟ್ಟಿಗೆ ನೋಡಿದ ಮೇಲೆ ಬಿಡಿಸಿ ಕೊಡುವುದರಲ್ಲಿ ಏನು ತಪ್ಪು ಎಂದು ತಾನೇ ಕೇಳಿದ. ಆರು ಟೈಪ್‌ರೈಟರಿಗೆ ನಾಲ್ಕು ಕಂಪ್ಯೂಟರು, ಮೇಲೆ ರೊಕ್ಕವಿಲ್ಲ ಎಂದು ಮಾತಾಯಿತು. ಸಂಜೆಗೇ ಟೆಂಪೋದಲ್ಲಿ ಕಳಿಸಿ ಆರು ಟೈಪ್‌ರೈಟರು ತರಿಸಿಕೊಳ್ಳುತ್ತೇನೆ ಎಂದ. ಅವಳ ಹತ್ತಿರ ಇನ್ನೂ ಆರು ಯಂತ್ರಗಳು ಉಳಿದವು. ಕ್ಲಾಸು ಬದುಕಿತು.

ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಬಂದ ಮೇಲೆ ಪುಷ್ಪಲತಾ ಕೇಳಲೇಬೇಕಾದ್ದನ್ನು ಕೇಳಿದಳು. "ನಾ ಹೇಳಿದ್ದು ಖರೇನ ಮಾಡಿದ್ರೇನ್ರಿ? ಮೆಣಸಿನಕಾಯಿ?"

"ಮಾಡೀನ್ರಿ."

"ನಿಮ್ಮಂಥವ್ರು, ಮೋಟರ್ ಬಿಚ್ಚಿ ಕಟ್ಟೋರು, ಅದನ್ನ ನಂಬಿದ್ರಾ?"

"ಮೋಟರ್ ನನಗ ಗೊತ್ತೈತ್ರಿ. ವೈರಸ್ ಗೊತ್ತಿರಲಿಲ್ಲ. ಗೊತ್ತಿದ್ದೋರನ್ನ ಕೇಳಿದೆ. ನನ್ನ ಕಡೆ ರೈತ್ರು ಬರ್ತಾರ, ಪಂಪ್ ತಲಿಕೆಳಗ ಮಾಡಿ ಇಡು ಅಂದ್ರ ಇಡ್ತಾರ. ಯಾಕ ಅಂತ ಕೇಳೂದಿಲ್ಲ. ಕೇಳಾಕ ಬಂದವ್ರಿಗೆ ನಾ ಸುಳ್ಳು ಹೇಳೂದಿಲ್ಲ, ಅದಕ್ಕ ಎಲ್ಲಾರೂ ಹಂಗ ಇರ್ತಾರ ಅಂತ ತಿಳ್ಕೊಂಡಿದ್ದೆ." ಅವನು ಚಹಾ ಆರಿಸಿಕೊಂಡು ಕುಡಿದ. ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ಎರಡನೇ ಪತ್ರಾನೂ ಬರದಿದ್ದೆ ನೋಡ್ರಿ. ಅದೂ ಓದಿರಬೇಕು ನೀವು."

ಓದಿದ್ದಳು. ಮರೆತಿದ್ದಳು, ಈಗ ಅಕ್ಷರ ಅಕ್ಷರವಾಗಿ ನೆನಪಾಯಿತು. 'ಮಾನ್ಯರೇ, ಮುಂದಿನ ಕ್ರಮಕ್ಕಾಗಿ ಕಾದ ದಿನಗಳಲ್ಲಿ ಮಗಳು ಭುವನಾಳ ಮದುವೆಯ ಎಲ್ಲಾ ಫೋಟೋಗಳು ಹೋದವು. ತಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ.' ಓದಿದ ದಿನ ಅವಳು ಕುರ್ಚಿಯಿಂದ ಬೀಳುವಷ್ಟು ನಕ್ಕು, ಎರಡು ನಿಮಿಷದಲ್ಲಿ ಉತ್ತರ ಬಡಿದಿದ್ದಳು: 'ಅಳಿಯ ಉಳಿದಾನಲ್ಲ? ಮತ್ತೊಮ್ಮೆ ತಾಳಿ ಕಟ್ಟಿಸಿ ಫೋಟೋ ತೆಗೆಸ್ರಿ.' ನಲವತ್ತು ಜನ ಮೆಚ್ಚಿದ ಉತ್ತರ ಅದು.

"ಅದು ಜೋಕ್ ಅಲ್ರಿ" ಎಂದ ಗಿರಿಯಪ್ಪ. "ಸಿಟ್ಟಿನಾಗ ಬರದಿದ್ದೆ. ನಮ್ಮವ್ವ ಶಾರದವ್ವ ಆ ಮದಿವ್ಯಾಗ ಹೊಸ ಸೀರಿ ಉಟ್ಟು ಕುಂತಿದ್ಲು. ಮುಂದ ಎರಡು ತಿಂಗಳಿಗೆ ತೀರಿಕೊಂಡ್ಲು. ಆಕೀದು ಬ್ಯಾರೆ ಫೋಟೋ ಇಲ್ರಿ."

ಪುಷ್ಪಲತಾ ಲೋಟ ಕೆಳಗಿಟ್ಟಳು. "ಮತ್ತ ಯಾಕ ಬಂದ್ರಿ ಇವತ್ತು? ನಾ ಯಾರು ಅಂತ ಗೊತ್ತಿದ್ದೂ?"

"ನೀವೂ ಖರೇನ ಬರದಿದ್ರಿ, ಅವರೂ ನಗಾಕತ್ತಿದ್ರು. ಅದು ಹೆಂಗಿರ್ತೈತಿ ಅನ್ನೂದು ಅಲ್ಲಿ ನನಗೊಬ್ಬಂಗ ಗೊತ್ತಿತ್ರಿ" ಎಂದ. ಗುತ್ತಲದ ಬಸ್ಸು ಬಂತು. ಅವನು ಎದ್ದು, ಬಾಗಿಲಲ್ಲಿ ನಿಂತು, "ಮನಿ ಮುಟ್ಟಿದ ಮ್ಯಾಲ ನಾಕೂ ಮತ್ತೊಮ್ಮೆ ಎರಡು ತಾಸು ಓಡ್ಸಿ ಪತ್ರ ಹಾಕ್ರಿ" ಎಂದು ಹೇಳಿ ಹತ್ತಿದ.

ಸೋಮವಾರ ನಾಲ್ಕೂ ಎರಡು ತಾಸು ಓಡಿದವು. ಪುಷ್ಪಲತಾ ಅಜೀಮನ ಸೈಬರಿಗೆ ಹೋಗಿ ಕುಳಿತಳು. ನೂರಿಪ್ಪತ್ತು ಬಿಳಿ ಅಂಗಿ, ರಟ್ಟಿನ ಬೋರ್ಡು, ಮೂಸಿ ನೋಡಿದ ಕಂಪ್ಯೂಟರು, ಬರೆದರೆ ಗಣಕಕಟ್ಟೆ ಒಂದು ತಿಂಗಳು ನಗುವಷ್ಟು ಸರಕು ಅವಳ ಕೈಯಲ್ಲಿತ್ತು. ಅದರಲ್ಲಿ ಒಂದನ್ನೂ ಬರೆಯಲಿಲ್ಲ. ಮೊದಲ ಸಲ ನಿಧಾನವಾಗಿ ಟೈಪ್ ಮಾಡಿದಳು.

'ಮಾನ್ಯ ಗಿರಿಯಪ್ಪನವರೇ, ತಾವು ನೋಡಿ ಕೊಡಿಸಿದ ನಾಲ್ಕೂ ಯಂತ್ರಗಳು ಸರಿಯಾಗಿ ನಡೆಯುತ್ತಿವೆ. ಇಲ್ಲಿದ್ದ ಯಾರಿಂದಲೂ ಆಗದ ಉಪಕಾರ ತಮ್ಮಿಂದ ಆಯಿತು. ತಮ್ಮ ಮಗಳ ಮದುವೆಯ ಫೋಟೋಗಳು ಹೋದದ್ದು ನನ್ನ ಮಾತಿನಿಂದ. ತಮ್ಮ ತಾಯಿಯವರ ಫೋಟೋ ಹೋದದ್ದೂ ನನ್ನಿಂದ. ತಾವು ಸಿಟ್ಟಿನಲ್ಲಿ ಬರೆದಾಗಲೂ ನಕ್ಕೆ. ತಪ್ಪಾಯಿತು, ಮನೆಯವರೆಲ್ಲ ಕ್ಷಮಿಸಬೇಕು. ಇಂತಿ, ಪುಷ್ಪಲತಾ, ರಾಣೆಬೆನ್ನೂರು.'

ಬುಧವಾರ ಬಂದು ತೆರೆದಳು. ಐವತ್ತಮೂರು ಉತ್ತರಗಳಿದ್ದವು. ಗಿರಿಯಪ್ಪನ ಶೈಲಿಯನ್ನು ಇಷ್ಟು ಅಚ್ಚುಕಟ್ಟಾಗಿ ಅಣಕಿಸಿದವರು ಇನ್ನೊಬ್ಬರಿಲ್ಲ ಎಂದು ಎಂಟು ಜೀಬಿ ಒಪ್ಪಿಕೊಂಡಿದ್ದ. ಇದು ಬಸಣ್ಣನ ಸರ್ವಶ್ರೇಷ್ಠ ಕೃತಿ ಎಂದು ಮೌನಿ ವಿಮರ್ಶೆ ಬರೆದಿದ್ದ. ತಾಯಿಯ ಫೋಟೋ ಎಂಬ ಸಾಲು ಓದಿ ಆಫೀಸಿನಲ್ಲಿ ಜೋರಾಗಿ ನಕ್ಕು ಸಾಹೇಬರ ಕೈಗೆ ಸಿಕ್ಕಿಬಿದ್ದೆ ಎಂದು ಪೈಲ್ವಾನ ಬರೆದಿದ್ದ. ನಡುವೆ ಒಂದು ಕಡೆ ಗುತ್ತಲದ ಪತ್ರವಿತ್ತು.

'ಮಾನ್ಯರೇ, ಪತ್ರ ತಲುಪಿತು. ಮಗಳು ಊರಿಗೆ ಬಂದಿದ್ದಳು, ಓದಿ ಹೇಳಲಾಯಿತು. ಅತ್ತಳು. ಆಮೇಲೆ, ಅವರು ಕೇಳಿದ ಮೇಲೆ ಮುಗಿಯಿತು ಬಿಡಪ್ಪ ಎಂದಳು. ಯಂತ್ರಗಳನ್ನು ಗೋಡೆಗೆ ತಾಗಿಸಿ ಇಡಬೇಡಿ, ಗಾಳಿ ಆಡಬೇಕು.'

ಪುಷ್ಪಲತಾ ಅದನ್ನು ಎರಡು ಸಲ ಓದಿದಳು. ಅದರ ಕೆಳಗೆ ಹದಿನೇಳು ಜನ ನಕ್ಕಿದ್ದರು.